ಹತ್ತೊಂಬತ್ತು ಅಕ್ಷರದ ಬಿಗ್ ಬ್ಯಾಂಡ್

ಓದುಗರ ಪ್ರಶ್ನೆ – ನಮ್ಮ ಉತ್ತರ

ಅಮೆರಿಕದ ಟ್ರಂಪೆಟ್ ವಾದಕ ಡಾನ್ ಎಲಿಸ್ ಮತ್ತು ಅವರ ಆರ್ಕೆಸ್ಟ್ರಾ (ಬಿಗ್ ಬ್ಯಾಂಡ್ ಎನ್ನುವ ದೊಡ್ಡ ಜಾಝ್ ತಂಡ) ಬಗ್ಗೆ ಬಂದ ಪ್ರಶ್ನೆಗಳೇ ಈ ಸಲ ಹೆಚ್ಚು. ಹಾಗಾಗಿ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ‘ವಿಪ್‌ಲ್ಯಾಶ್’ ಸಿನಿಮಾದಲ್ಲಿ ಹುಡುಗ ಡ್ರಮ್ಸ್ ಬಾರಿಸಲು ಒದ್ದಾಡುವ ತುಣುಕು ಸಿನಿಮಾಕ್ಕೆಂದೇ ಬರೆದದ್ದೋ, ಮೊದಲೇ ಇದ್ದದ್ದೋ? ಅದರ ಲೆಕ್ಕ ಯಾವುದು? — ಓದುಗರೊಬ್ಬರು, ಧಾರವಾಡ

ಮೊದಲೇ ಇದ್ದದ್ದು. ಸಿನಿಮಾ ಬಂದದ್ದು 2014ರಲ್ಲಿ. ಆ ತುಣುಕು ಡಾನ್ ಎಲಿಸ್ ಆರ್ಕೆಸ್ಟ್ರಾದ 1973ರ ‘ಸೋರಿಂಗ್’ ಆಲ್ಬಮ್ಮಿನಲ್ಲೇ ಇದೆ. ಬರೆದವರು ಹ್ಯಾಂಕ್ ಲೆವಿ. ಬಾಲ್ಟಿಮೋರ್‌ನವರು, ಮೂಲತಃ ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕರು, ಆಮೇಲೆ ಅಲ್ಲಿನ ಟೌಸನ್ ಕಾಲೇಜಿನಲ್ಲಿ ಜಾಝ್ ಕಲಿಸಿದವರು. ಲೆಕ್ಕ ಏಳು, ಅಂದರೆ ತಾಳದ ಒಂದು ಸುತ್ತಿಗೆ (ಆವರ್ತಕ್ಕೆ) ಏಳು ಎಣಿಕೆ. ಸಿನಿಮಾದಲ್ಲಿ ಮೇಷ್ಟ್ರು ‘ಓಡ್ತಿದ್ದೀಯಾ, ಎಳೀತಿದ್ದೀಯಾ’ ಎಂದು ಕಿರುಚುತ್ತಾರಲ್ಲ, ಆ ಕಿರುಚಾಟದ ಬಗ್ಗೆ ಏನೇ ಹೇಳಿ, ಏಳರ ಲೆಕ್ಕದಲ್ಲಿ ಹುಡುಗರು ತಪ್ಪುವುದು ಆ ಎರಡು ಕಡೆಗೇ. ಕಾರಣ ಕೊನೆಯ ಪ್ರಶ್ನೆಯ ಉತ್ತರದಲ್ಲಿದೆ.

ಪ್ರಶ್ನೆ: ಈ ಎಲಿಸ್ ಯಾರು? ಬ್ಯಾಂಡ್ ಹೇಗೆ ಬೆಳೆಯಿತು? — ಓದುಗರು, ಶಿವಮೊಗ್ಗ

ಹುಟ್ಟಿದ್ದು 1934ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿ 1956ರಲ್ಲಿ ಹೊರಬಂದರು. ಗ್ಲೆನ್ ಮಿಲ್ಲರ್ ಹೆಸರಿನ ಬ್ಯಾಂಡಿನಲ್ಲಿ ಕೆಲಸ, ಸೇನೆಯ ಬ್ಯಾಂಡ್, 1959ರ ಹೊತ್ತಿಗೆ ಮೇನಾರ್ಡ್ ಫರ್ಗುಸನ್ ತಂಡ. ಅಲ್ಲಿಂದ ನ್ಯೂಯಾರ್ಕಿನ ಹೊಸ ಅಲೆಯವರ ಸಹವಾಸ: ಚಾರ್ಲ್ಸ್ ಮಿಂಗಸ್, ಎರಿಕ್ ಡಾಲ್ಫಿ, ಜಾರ್ಜ್ ರಸೆಲ್. 1960ರ ‘ಹೌ ಟೈಮ್ ಪಾಸಸ್’ನಲ್ಲಿ ಅವರು ಲಯವನ್ನೇ ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದರು. ಅಂದರೆ ಈ ಚಟ ಬಿಗ್ ಬ್ಯಾಂಡಿಗಿಂತ ಹಳೆಯದು.

ತಿರುವು ಸಿಕ್ಕಿದ್ದು ಅರವತ್ತರ ದಶಕದ ನಡುವಿನಲ್ಲಿ, ಲಾಸ್ ಏಂಜಲೀಸ್‌ಗೆ ಮರಳಿ ಅಲ್ಲಿನ ವಿಶ್ವವಿದ್ಯಾಲಯ ಸೇರಿದಾಗ. ಅಲ್ಲಿ ಸಿಕ್ಕವರು ಪಂಡಿತ್ ರವಿಶಂಕರ್ ಅವರ ಶಿಷ್ಯ, ಸಿತಾರ್ ವಾದಕ ಹರಿಹರ ರಾವ್. ಇಬ್ಬರೂ ಸೇರಿ ‘ಹಿಂದೂಸ್ತಾನಿ ಜಾಝ್ ಸೆಕ್ಸ್‌ಟೆಟ್’ ಕಟ್ಟಿದರು. 1965ರಲ್ಲಿ ಜಾಝ್ ವಾದಕರಿಗಾಗಿ ಭಾರತೀಯ ಸಂಗೀತದ ಪರಿಚಯ ಲೇಖನವೊಂದನ್ನೂ ಜೊತೆಯಾಗಿ ಬರೆದರು. ಅದೇ ಸುಮಾರಿಗೆ ದೊಡ್ಡ ಬ್ಯಾಂಡೂ ಆರಂಭವಾಯಿತು. ಹಾಲಿವುಡ್‌ನ ಬೋನ್ಸ್‌ವಿಲ್ ಕ್ಲಬ್ಬಿನಲ್ಲಿ ಸೋಮವಾರ ರಾತ್ರಿಗಳಲ್ಲಿ ನುಡಿಸುತ್ತಾ ಅಭಿಮಾನಿಗಳನ್ನು ಸಂಪಾದಿಸಿತು. 1966ರ ಸೆಪ್ಟೆಂಬರಿನ ಮಾಂಟೆರೆ ಜಾಝ್ ಉತ್ಸವದಲ್ಲಿ ಸಿಕ್ಕ ಚಪ್ಪಾಳೆಯಿಂದ ದೇಶಕ್ಕೆಲ್ಲ ಹೆಸರು ಗೊತ್ತಾಯಿತು. ಮರುವರ್ಷವೇ ಜಾನ್ ಹ್ಯಾಮಂಡ್ ನಿರ್ಮಾಣದಲ್ಲಿ ಕೊಲಂಬಿಯಾ ಕಂಪನಿಗೆ ‘ಎಲೆಕ್ಟ್ರಿಕ್ ಬಾತ್’ ಧ್ವನಿಮುದ್ರಣ ಆಯಿತು.

ಮಾಮೂಲು ಬಿಗ್ ಬ್ಯಾಂಡ್ ಎಂದರೆ ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್ – ಒಟ್ಟು 17. ‘ಎಲೆಕ್ಟ್ರಿಕ್ ಬಾತ್’ನಲ್ಲಿ ಮೂರು ಬಾಸ್ ಇವೆ. ಡ್ರಮ್ಸ್ ಪಕ್ಕದಲ್ಲಿ ಕಾಂಗಾ, ಟಿಂಬಾಲೆ ಮುಂತಾದ ತಾಳವಾದ್ಯಗಳಿಗೇ ಮೂವರಿದ್ದಾರೆ. ಇದು ಶೋಕಿಗೆ ಮಾಡಿದ್ದಲ್ಲ. ಲೆಕ್ಕ ವಕ್ರವಾದಷ್ಟೂ ಕೆಳಗಿನ ಸ್ವರದ ಆವೃತ್ತಿ ಗಟ್ಟಿಯಾಗಿ, ಒಂದೇ ಅಚ್ಚಿನಲ್ಲಿ ಸುತ್ತುತ್ತಿರಬೇಕು. ಮೇಲಿನವರು ಆತುಕೊಳ್ಳುವುದು ಅದಕ್ಕೇ.

1971ರಲ್ಲಿ ‘ದಿ ಫ್ರೆಂಚ್ ಕನೆಕ್ಷನ್’ ಸಿನಿಮಾಕ್ಕೆ ಸಂಗೀತ ಕೊಟ್ಟರು. ಅದೇ ವರ್ಷ ಬಲ್ಗೇರಿಯಾದಿಂದ ಬಂದ ಪಿಯಾನೊ ವಾದಕ ಮಿಲ್ಚೊ ಲೆವಿಯೆವ್ ಸೇರಿಕೊಂಡರು, ಬ್ಯಾಂಡಿನೊಳಗೊಂದು ತಂತಿವಾದ್ಯ ಚತುಷ್ಕವೂ ಬಂತು. 1975ರಲ್ಲಿ ಹೃದಯದ ಕಾಯಿಲೆ ಹಿಡಿಯಿತು. ಮತ್ತೆ ಎದ್ದು ನುಡಿಸಿದರು. 1978ರ ಡಿಸೆಂಬರಿನಲ್ಲಿ ತೀರಿಕೊಂಡಾಗ ವಯಸ್ಸು 44.

ಪ್ರಶ್ನೆ: ಇವರ ಒಂದು ತುಣುಕಿನ ಹೆಸರೇ ‘33 222 1 222’. ಇದು ಯಾವ ತಾಳ? ಇನ್ನೊಂದು ಆಲ್ಬಮ್ಮಿನ ಹೆಸರಲ್ಲಿ ‘ಮೂರೂ ಮೂರನೇ ಎರಡು’ ಎಂಬ ಭಿನ್ನರಾಶಿ ಇದೆ. ಅದನ್ನು ನುಡಿಸುವುದಾದರೂ ಹೇಗೆ? — ಮೃದಂಗ ವಿದ್ಯಾರ್ಥಿ, ಮೈಸೂರು

ನಿಮಗೆ ಇದು ಜಾಝ್ ವಾದಕರಿಗಿಂತ ಸುಲಭ. ಹೆಸರಲ್ಲಿರುವುದು ಪೂರ್ತಿ ಲೆಕ್ಕವೇ. ಬಾಯಲ್ಲಿ ಹೇಳಿ ನೋಡಿ:

ತಕಿಟ ತಕಿಟ – ತಕ ತಕ ತಕ – ತ – ತಕ ತಕ ತಕ

ಆರು, ಆರು, ಒಂದು, ಆರು: ಒಟ್ಟು 19 ಅಕ್ಷರ (ತಾಳದ ಸಣ್ಣ ಎಣಿಕೆ). ಮೊದಲ ಆರು ಎರಡು ಮೂರಾಗಿ, ಮಿಕ್ಕ ಆರುಗಳು ಮೂರು ಎರಡಾಗಿ ಒಡೆಯುತ್ತವೆ. ನಡುವೆ ಒಂಟಿಯಾಗಿ ನಿಂತ ‘ತ’ ಇಡೀ ತುಣುಕಿನ ಕೀಲು. ಅದನ್ನು ತೆಗೆದರೆ 18 ಅಕ್ಷರದ ಸಪ್ಪೆ ಆವರ್ತ ಉಳಿಯುತ್ತದೆ. ಆರಾರರ ಮೂರು ತುಂಡು, ಯಾರೂ ತಿರುಗಿ ನೋಡುವುದಿಲ್ಲ. ತಪ್ಪುವುದೂ ಅಲ್ಲಿಯೇ. ಕೆಲವರು ಆ ಒಂಟಿ ‘ತ’ವನ್ನು ನುಂಗುತ್ತಾರೆ, ಕೆಲವರು ಅದಕ್ಕೊಂದು ‘ಕ’ ಸೇರಿಸಿ ಇಪ್ಪತ್ತು ಮಾಡುತ್ತಾರೆ.

ಒಂದರಿಂದ ಹತ್ತೊಂಬತ್ತರವರೆಗೆ ಎಣಿಸುತ್ತಾ ಕೂರಬೇಡಿ. ಹತ್ತು ದಾಟಿದ ಮೇಲೆ ಅಂಕಿಯ ಹೆಸರೇ ಮೂರು ನಾಲ್ಕು ಅಕ್ಷರ ಆಗುತ್ತದೆ, ನಾಲಗೆ ಲಯಕ್ಕಿಂತ ಹಿಂದೆ ಬೀಳುತ್ತದೆ. ತಕ, ತಕಿಟ ಎಂದು ಬಾಯಲ್ಲಿ ಹೇಳುವ ಸೊಲ್ಲುಕಟ್ಟಿನಲ್ಲಿ ಆ ತೊಂದರೆಯೇ ಇಲ್ಲ.

ಭಿನ್ನರಾಶಿಯದು ಇನ್ನೂ ಚಂದ. ‘ಅಪ್‌ಸ್ಟಾರ್ಟ್’ ಎಂಬ ತುಣುಕು ಆ ಲೆಕ್ಕದ್ದು. ತಿಶ್ರ ನಡೆಯಲ್ಲಿ (ಎಣಿಕೆಗೆ ಮೂರು ಅಕ್ಷರ) ನಾಲ್ಕು ಎಣಿಕೆ ಇಟ್ಟುಕೊಳ್ಳಿ: ತಕಿಟ ತಕಿಟ ತಕಿಟ ತಕಿಟ, 12 ಅಕ್ಷರ. ಕೊನೆಯ ತಕಿಟದಿಂದ ಒಂದು ಅಕ್ಷರ ಕಿತ್ತುಬಿಡಿ:

ತಕಿಟ ತಕಿಟ ತಕಿಟ ತಕ

ಈಗ 11. ಮೂರು ಪೂರ್ತಿ ಎಣಿಕೆ, ನಾಲ್ಕನೆಯದರಲ್ಲಿ ಮೂರರಲ್ಲೆರಡು ಪಾಲು. ಅದೇ ಮೂರೂ ಮೂರನೇ ಎರಡು. ಅಭ್ಯಾಸಕ್ಕೆ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಹಿಡಿಯುವ ಯಂತ್ರ) ಇಡುವಾಗ ಒಂದು ಎಚ್ಚರ. ತಕಿಟಕ್ಕೆ ಒಂದು ಟಿಕ್ ಎಂದು ನಿಮಿಷಕ್ಕೆ 60ಕ್ಕೆ ಇಟ್ಟರೆ ಎರಡನೇ ಆವರ್ತದಲ್ಲೇ ಟಿಕ್ ನಿಮ್ಮ ಪೆಟ್ಟಿನಿಂದ ಜಾರುತ್ತದೆ, ಮತ್ತೆ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಬಂದು ಸೇರುವುದು 33 ಅಕ್ಷರ, ಅಂದರೆ ಮೂರು ಆವರ್ತ ಮುಗಿದ ಮೇಲೆ. ಶುರುವಿಗೆ 180ಕ್ಕೆ ಇಡಿ, ಟಿಕ್ ಒಂದಕ್ಕೆ ಒಂದು ಅಕ್ಷರ. ಚಪ್ಪಾಳೆ ಮಾತ್ರ ಗುಂಪಿನ ತಲೆಗೆ: ಮೂರು ದೂರದ ಪೆಟ್ಟು, ಒಂದು ಹತ್ತಿರದ ಪೆಟ್ಟು. ಗಟ್ಟಿಯಾದ ಮೇಲೆ 60ಕ್ಕೆ ಇಳಿಸಿ. ಆಗ ಮೂರು ಆವರ್ತಕ್ಕೊಮ್ಮೆ ಟಿಕ್ ಸಿಕ್ಕಿದರೆ ಸರಿ, ಸಿಗದಿದ್ದರೆ ‘ತಕ’ ನಿಮಗೆ ಗೊತ್ತಿಲ್ಲದೆಯೇ ‘ತಕಿಟ’ ಆಗಿದೆ.

ಪ್ರಶ್ನೆ: ಹಾಗಾದರೆ ಇದು ಭಾರತೀಯ ಸಂಗೀತವೇ ಆಯಿತಲ್ಲ? ಬ್ರೂಬೆಕ್ ಇದನ್ನೆಲ್ಲ ಮೊದಲೇ ಮಾಡಿರಲಿಲ್ಲವೇ? — ಓದುಗರು, ಬೆಂಗಳೂರು

ಎರಡಕ್ಕೂ ಉತ್ತರ ‘ಅರ್ಧ ಹೌದು’.

ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’ ಆಲ್ಬಮ್ 1959ರದು. ಅದರಲ್ಲಿ ಪಾಲ್ ಡೆಸ್ಮಂಡ್ ಬರೆದ ‘ಟೇಕ್ ಫೈವ್’ ಐದರದ್ದು. ಇನ್ನೊಂದು ತುಣುಕು ಒಂಬತ್ತನ್ನು 2+2+2+3 ಎಂದು ಒಡೆಯುತ್ತದೆ, ಅದು ಟರ್ಕಿಯ ಬೀದಿ ವಾದಕರಿಂದ ಬಂದ ಲೆಕ್ಕ. ಆದರೆ ಬ್ರೂಬೆಕ್ ಅವರದು ನಾಲ್ಕು ಜನರ ತಂಡ. ನಾಲ್ವರು ಕಣ್ಣಲ್ಲೇ ಮಾತಾಡಿಕೊಳ್ಳಬಹುದು. ಇಪ್ಪತ್ತು ಜನ 17 ಅಕ್ಷರದ ಆವರ್ತದಲ್ಲಿ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕಾದರೆ ಕಥೆ ಬೇರೆ.

ಹರಿಹರ ರಾವ್ ಅವರಿಂದ ಎಲಿಸ್‌ಗೆ ದಕ್ಕಿದ್ದು ಮುಖ್ಯವಾಗಿ ಮೂರು: ಲೆಕ್ಕವನ್ನು ಎರಡು ಮೂರರ ಸಣ್ಣ ತುಂಡುಗಳಾಗಿ ಕೂಡಿಸಿ ಕಟ್ಟುವುದು, ಅದನ್ನು ಬಾಯಲ್ಲಿ ಹೇಳಿ ಮೈಗೂಡಿಸುವುದು, ಮತ್ತೆ ತಿಹಾಯಿ. ನಮ್ಮ ಕಡೆಯ ಮುಕ್ತಾಯದ ಹಾಗೆ ಒಂದೇ ಪದಗುಚ್ಛವನ್ನು ಮೂರು ಸಲ ನುಡಿಸಿ ಸಮಕ್ಕೆ ಬಂದು ಬೀಳುವುದು. ಸೂತ್ರ ಸರಳ: ಪದಗುಚ್ಛದ ಮೂರರಷ್ಟು, ನಡುವಿನ ಬಿಡುವಿನ ಎರಡರಷ್ಟು, ಕೂಡಿದರೆ ಆವರ್ತ ತುಂಬಬೇಕು. 17ಕ್ಕೆ ಐದರ ಗುಚ್ಛ, ಒಂದರ ಬಿಡುವು. 19ಕ್ಕೆ ಐದರ ಗುಚ್ಛ, ಎರಡರ ಬಿಡುವು. ಏಳರ ಎರಡು ಆವರ್ತಕ್ಕೆ ನಾಲ್ಕರ ಗುಚ್ಛ, ಒಂದರ ಬಿಡುವು.

ಇಷ್ಟಾದರೂ ಇದು ರಾಗಸಂಗೀತ ಅಲ್ಲ. ‘ಇಂಡಿಯನ್ ಲೇಡಿ’ ಎಂಬ ಹೆಸರು ಕೇಳಿ ಆಲಾಪನೆ ಹುಡುಕಿ ಹೋದವರಿಗೆ ಸಿಗುವುದು ಐದರ ಲೆಕ್ಕಕ್ಕೆ ಹೊಂದಿಸಿದ ಒಳ್ಳೆಯ ಬ್ಲೂಸ್. ಮುಗಿಯಿತು ಅನ್ನಿಸಿ ಮತ್ತೆ ಶುರುವಾಗುವ ಸುಳ್ಳು ಮುಕ್ತಾಯಗಳು ಬೇರೆ. ‘ಟರ್ಕಿಶ್ ಬಾತ್’ನಲ್ಲಿ ಸಿತಾರ್ ಕೇಳಿಸುತ್ತದೆ, ನುಡಿಸಿದವರು ಬ್ಯಾಂಡಿನ ಬಾಸ್ ವಾದಕರಲ್ಲೊಬ್ಬರಾದ ರೇ ನೆಪಾಲಿಟನ್. ಅಲ್ಲಿ ಸಿತಾರ್ ಬಣ್ಣಕ್ಕಷ್ಟೇ. ಅರವತ್ತರ ದಶಕದ ಅಮೆರಿಕದಲ್ಲಿ ಸಿತಾರ್ ಇಲ್ಲದ ಆಲ್ಬಮ್ ಹುಡುಕುವುದೇ ಕಷ್ಟವಿತ್ತು ಎನ್ನಿ!

ಭಾರತದಷ್ಟೇ ಬಲ್ಗೇರಿಯಾದ ಋಣವೂ ಇದೆ. ಅಲ್ಲಿನ ‘ರಾಚೆನಿಟ್ಸಾ’ ಕುಣಿತ ಏಳರದ್ದು, ಒಡೆಯುವುದು 2+2+3. ನಮ್ಮ ಮಿಶ್ರ ಚಾಪು 3+2+2. ಅಂಕಿ ಒಂದೇ, ಉದ್ದದ ತುಂಡು ಅಲ್ಲಿ ಕೊನೆಗೆ, ಇಲ್ಲಿ ಮೊದಲಿಗೆ. ಕಾಲು ಎತ್ತುವ ಜಾಗವೇ ಬದಲಾಗುತ್ತದೆ. 1971ರ ‘ಟಿಯರ್ಸ್ ಆಫ್ ಜಾಯ್’ ಆಲ್ಬಮ್ಮಿನ ‘ಬಲ್ಗೇರಿಯನ್ ಬಲ್ಜ್’ 33 ಅಕ್ಷರದ ಆವರ್ತದಲ್ಲಿ, ಅದೂ ಮಿಂಚಿನ ವೇಗದಲ್ಲಿ ಓಡುತ್ತದೆ.

ಪ್ರಶ್ನೆ: ಎಲಿಸ್ ನುಡಿಸುತ್ತಿದ್ದ ನಾಲ್ಕು ಗುಂಡಿಯ ಟ್ರಂಪೆಟ್‌ನಲ್ಲಿ ನಮ್ಮ ಶ್ರುತಿಗಳು ಸಿಗುತ್ತವೆಯೇ? — ಪಿಟೀಲು ಕಲಿಯುವವರು, ಉಡುಪಿ

ಸಿಗುವುದಿಲ್ಲ. ಮಾಮೂಲು ಟ್ರಂಪೆಟ್‌ನ ಎರಡನೇ ಗುಂಡಿ ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಹೋಲ್ಟನ್ ಕಂಪನಿ ಎಲಿಸ್‌ಗೆ ಮಾಡಿಕೊಟ್ಟ ವಾದ್ಯದಲ್ಲಿ ನಾಲ್ಕನೆಯದು ಕಾಲು ಸ್ವರ, ಅಂದರೆ 50 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್ ಲೆಕ್ಕದಲ್ಲಿ), ಇಳಿಸುತ್ತದೆ. ಸ್ಥಾಯಿಯನ್ನು 24 ಸಮಪಾಲು ಮಾಡಿದ ಹಾಗೆ. ನಮ್ಮ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿರುತ್ತದೆ. ಈ ವಾದ್ಯದಲ್ಲಿ ಗುಂಡಿ ಒತ್ತಿ ಸಿಗುವುದು 350 ಅಥವಾ 400. ಬೇಕಾದ ಜಾಗ ಎರಡರ ನಡುವೆ. ಅಲ್ಲಿಗೆ ತುಟಿಯಿಂದಲೇ ಜಾರಬೇಕು, ಅದಕ್ಕೆ ನಾಲ್ಕನೇ ಗುಂಡಿ ಬೇಕಾಗಿಯೇ ಇಲ್ಲ.

ಇನ್ನೊಂದು ತೊಡಕು ವಾದ್ಯದ ಕಟ್ಟುವಿಕೆಯಲ್ಲಿದೆ. ಟ್ರಂಪೆಟ್ ಕೊಳವೆ ಬಿಚ್ಚಿ ಉದ್ದ ಮಾಡಿದರೆ ಸುಮಾರು 148 ಸೆಂಟಿಮೀಟರ್. ಕಾಲು ಸ್ವರ ಇಳಿಸಲು ಅದರ ಶೇ 2.9ರಷ್ಟು, ಅಂದರೆ ಸುಮಾರು 4.3 ಸೆಂಟಿಮೀಟರ್ ಕೊಳವೆ ಸೇರಿಸಿದರೆ ಸಾಕು. ಆದರೆ ಮಿಕ್ಕ ಮೂರೂ ಗುಂಡಿ ಒತ್ತಿದಾಗ ಒಟ್ಟು ಉದ್ದ 209 ಸೆಂಟಿಮೀಟರ್ ಹತ್ತಿರ ಹೋಗುತ್ತದೆ. ಆಗ ಅದೇ 4.3 ಸೆಂಟಿಮೀಟರಿನಿಂದ ಇಳಿಯುವುದು 35 ಸೆಂಟ್ ಆಸುಪಾಸು ಮಾತ್ರ. ಕೊರತೆ ತುಂಬಲು ಮತ್ತೆ ತುಟಿಯೇ ಗತಿ. ಗಮಕ ಬೇಕಾದವರಿಗೆ ಪಿಟೀಲೇ ವಾಸಿ, ನೀವು ಸರಿಯಾದ ಕಡೆಯೇ ಇದ್ದೀರಿ.

ಪ್ರಶ್ನೆ: ‘ಅಟ್ ಫಿಲ್‌ಮೋರ್’ನ ‘ಹೇ ಜೂಡ್’ ಶುರುವಿನಲ್ಲಿ ಟ್ರಂಪೆಟ್ ಏಕೆ ಯಂತ್ರ ಕೆಟ್ಟಂತೆ ಕೂಗುತ್ತದೆ? — ಸೌಂಡ್ ಎಂಜಿನಿಯರ್, ಹುಬ್ಬಳ್ಳಿ

1970ರ ಆಲ್ಬಮ್ ಅದು. ಟ್ರಂಪೆಟ್‌ಗೆ ಮೈಕ್ ಕೂರಿಸಿ ವಿದ್ಯುತ್ ಉಪಕರಣಗಳ ಮೂಲಕ ಹಾಯಿಸುವುದರಲ್ಲಿ ಎಲಿಸ್ ಮೊದಲಿಗರ ಸಾಲಿನವರು. ಮುಂದೆ ಸಿಂಥಸೈಜರ್‌ಗಳಿಂದ ಹೆಸರಾದ ಟಾಮ್ ಓಬರ್‌ಹೈಮ್ ಆಗ ಎಲಿಸ್‌ಗೆ ರಿಂಗ್ ಮಾಡ್ಯುಲೇಟರ್ ಕಟ್ಟಿಕೊಟ್ಟಿದ್ದರು. ಅದು ಮಾಡುವುದು ಇಷ್ಟು: ಒಳಬಂದ ಸ್ವರವನ್ನು ಇನ್ನೊಂದು ಕಂಪನದೊಂದಿಗೆ ಗುಣಿಸಿ, ಮೊತ್ತ ಮತ್ತು ವ್ಯತ್ಯಾಸಗಳನ್ನು ಮಾತ್ರ ಹೊರಬಿಡುತ್ತದೆ. ಟ್ರಂಪೆಟ್ 440 ಹರ್ಟ್ಸ್, ಒಳಗಿನ ಕಂಪನ 100 ಆದರೆ ಹೊರಬರುವುದು 540 ಮತ್ತು 340. ಮೇಲಿನ ಸ್ಥಾಯಿಯ 880 ನುಡಿಸಿದರೆ 980 ಮತ್ತು 780. ಮೊದಲು 440 ಮತ್ತು 880 ನಡುವೆ ಇದ್ದ ಸ್ಥಾಯಿ ಸಂಬಂಧ 540 ಮತ್ತು 980 ನಡುವೆ ಉಳಿಯಲಿಲ್ಲ ನೋಡಿ. ಪರಿಚಿತ ಹಾಡೂ ಗುರುತು ಸಿಗದಂತಾಗುವುದು ಹಾಗೆ.

‘ಎಲೆಕ್ಟ್ರಿಕ್ ಬಾತ್’ನ ‘ಓಪನ್ ಬ್ಯೂಟಿ’ಯಲ್ಲಿರುವುದು ಟೇಪ್ ಎಕೊ. ಎಲಿಸ್ ತಮ್ಮದೇ ಪ್ರತಿಧ್ವನಿಯ ಜೊತೆ ಜುಗಲ್‌ಬಂದಿ ನಡೆಸುತ್ತಾರೆ. ಅಲ್ಲಿ ಲಯ ಬಿಟ್ಟುಬಿಟ್ಟಿರುವುದು ಜಾಣತನ. ಬಿಗಿ ಲಯದಲ್ಲಾದರೆ ಎಕೊ ಅವಧಿ 60 ಭಾಗಿಸು ವೇಗ ಎಂದೇ ಇರಬೇಕು. 120ರ ವೇಗಕ್ಕೆ ಅರ್ಧ ಸೆಕೆಂಡ್. ಬ್ಯಾಂಡ್ 126ಕ್ಕೆ ಏರಿದರೆ ಪ್ರತಿ ಪ್ರತಿಧ್ವನಿ 24 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ನಾಲ್ಕನೆಯದರ ಹೊತ್ತಿಗೆ 95ರ ಸುತ್ತಮುತ್ತ, ಕಿವಿಗೆ ತೊಡರುವಷ್ಟು.

ಪ್ರಶ್ನೆ: ಕರ್ನಾಟಕಕ್ಕೂ ಈ ಬ್ಯಾಂಡಿಗೂ ನಂಟಿದೆಯೇ? — ಓದುಗರು, ಮಂಗಳೂರು

ಈ ಬ್ಯಾಂಡಿಗೆ ನೇರ ನಂಟಿಲ್ಲ. ಜಾಝ್‌ಗೆ ಇದೆ. ಸ್ಟಾನ್ ಕೆಂಟನ್ ಬಿಗ್ ಬ್ಯಾಂಡಿನಲ್ಲಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಜೊತೆ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು. ನಿಮ್ಮೂರ ಕಡೆಯವರೇ ಆದ ಕದ್ರಿ ಗೋಪಾಲನಾಥ್, ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 2008ರ ‘ಕಿನ್ಸ್‌ಮೆನ್’ನಲ್ಲಿ ನುಡಿಸಿದ್ದಾರೆ. ಎರಡು ಆಲ್ಟೊ ಸ್ಯಾಕ್ಸೊಫೋನ್, ಒಂದು ಗಮಕದ್ದು, ಒಂದು ಜಾಝ್‌ನದು. ತಾಳದ ಲೆಕ್ಕ ಅಲ್ಲಿ ಎಲಿಸ್‌ಗಿಂತ ಒಳಗಿಳಿದಿದೆ ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಎಲ್ಲಿಂದ ಕೇಳಲು ಶುರುಮಾಡಲಿ? — ಓದುಗರು, ಕಲಬುರಗಿ

‘ಎಲೆಕ್ಟ್ರಿಕ್ ಬಾತ್’ ಮೊದಲು, ಪೂರ್ತಿ. ಅದರ ‘ನ್ಯೂ ಹೊರೈಜನ್ಸ್’ 17 ಅಕ್ಷರದ್ದು, 5+5+7. ತೊಡೆ ತಟ್ಟಿಕೊಂಡು ಕೇಳಿ. ಆಮೇಲೆ ‘ಟಿಯರ್ಸ್ ಆಫ್ ಜಾಯ್’. ಮಾಂಟೆರೆಯ ಧ್ವನಿಮುದ್ರಣ ಮೂರನೆಯದು. 1977ರಲ್ಲಿ ‘ಸ್ಟಾರ್ ವಾರ್ಸ್’ ಹಾಡುಗಳನ್ನು ಹಾಕಿ ಮಾಡಿದ ಆಲ್ಬಮ್ ಬಿಟ್ಟರೂ ನಷ್ಟವಿಲ್ಲ, ಅದು ಮಾರುಕಟ್ಟೆಯ ಒತ್ತಡದ ಸರಕು. ಇವತ್ತಿನ ಬ್ಯಾಂಡ್ ಬೇಕಿದ್ದರೆ ಬ್ರೂಕ್ಲಿನ್‌ನ ಡಾರ್ಸಿ ಜೇಮ್ಸ್ ಆರ್ಗ್ಯೂ ಅವರ ‘ಸೀಕ್ರೆಟ್ ಸೊಸೈಟಿ’ ಇದೆ, 2009ರ ‘ಇನ್‌ಫರ್ನಲ್ ಮಷೀನ್ಸ್’ನಿಂದ ಶುರುಮಾಡಿ. ಅವರು ಎಲಿಸ್ ಶಿಷ್ಯಪರಂಪರೆಯವರಲ್ಲ. ಬಿಗ್ ಬ್ಯಾಂಡಿಗೆ ರಾಕ್ ಮತ್ತು ವಿದ್ಯುತ್ ಸದ್ದನ್ನು ಕೂಡಿಸುವ ಕೆಲಸ ಅವರದೂ.

ಪ್ರಶ್ನೆ: ನಮ್ಮ ಕಾಲೇಜಿನ ಹನ್ನೆರಡು ಜನರ ಬ್ಯಾಂಡ್ ಏಳರ ತುಣುಕೊಂದನ್ನು ಅಭ್ಯಾಸ ಮಾಡುತ್ತಿದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ವೇಗ ಏರಿರುತ್ತದೆ, ಸ್ಯಾಕ್ಸೊಫೋನ್ ಸಾಲು ಹಿಂದೆ ಬಿದ್ದಿರುತ್ತದೆ. ಏನು ಮಾಡುವುದು? — ಬ್ಯಾಂಡ್ ಸಂಚಾಲಕರು, ಬೆಳಗಾವಿ

ಏರುವುದು, ಎಳೆಯುವುದು ಎರಡೂ ಬೇರೆ ಬೇರೆ ರೋಗ.

ಏರುವುದು ಸಾಮಾನ್ಯವಾಗಿ ಡ್ರಮ್ಸ್‌ನಿಂದ. ನಾಲ್ಕರ ಅಭ್ಯಾಸವಿರುವ ಕೈಗೆ ಏಳು ಎಂದರೆ ‘ಎಂಟಕ್ಕೆ ಒಂದು ಕಮ್ಮಿ’. ಆ ಕಮ್ಮಿಯನ್ನು ದಾಟುವ ಆತುರದಲ್ಲಿ ಕೊನೆಯ ತುಂಡನ್ನು ಅಮುಕುತ್ತದೆ. ಆವರ್ತದ ಕೊನೆಗೆ ಉರುಳಿಕೆ ಹಾಕಿದರಂತೂ ಮುಗಿದೇಹೋಯಿತು. ಮೊದಲ ವಾರ ಉರುಳಿಕೆಗಳನ್ನೇ ನಿಲ್ಲಿಸಿ. ಬಲಗೈ ಸಣ್ಣ ಅಕ್ಷರಗಳನ್ನು ಸಮವಾಗಿ ಬಾರಿಸಲಿ, ಕಾಲಿನ ಡ್ರಮ್ ಗುಂಪಿನ ತಲೆಗೆ ಮಾತ್ರ.

ಎಳೆಯುವುದು ಊದುವವರ ಕಾಯಿಲೆ, ಕಾರಣ ಉಸಿರು. ನಾಲ್ಕರ ಸಂಗೀತದಲ್ಲಿ ಉಸಿರಿಗೆ ಜಾಗ ತಾನಾಗಿ ಸಿಗುತ್ತದೆ, ಏಳರಲ್ಲಿ ಸಿಗುವುದಿಲ್ಲ. ಸ್ವರಪತ್ರದಲ್ಲೇ ಉಸಿರಿನ ಗುರುತು ಹಾಕಿ, ಇಡೀ ಸಾಲು ಅಲ್ಲೇ ತೆಗೆದುಕೊಳ್ಳಲಿ. ಜೊತೆಗೆ ಗುಂಪುಗಳನ್ನು ಚುಕ್ಕೆ ಗೆರೆಯಿಂದ ಬೇರ್ಪಡಿಸಿ. 2+2+3 ತುಣುಕನ್ನು ಯಾರೋ ಒಬ್ಬರು 3+2+2 ಎಂದು ಓದುತ್ತಿದ್ದರೆ ಒಟ್ಟು ಏಳೇ ಬರುತ್ತದೆ, ಒತ್ತು ಮಾತ್ರ ಇನ್ನೊಬ್ಬರ ಮೇಲೆ ಬೀಳುತ್ತದೆ. ಆಗ ಯಾರು ತಪ್ಪು ಎಂದು ಪತ್ತೆಹಚ್ಚುವುದೇ ಕಷ್ಟ.

ಕ್ರಮ ಹೀಗಿರಲಿ. ವಾದ್ಯ ಕೆಳಗಿಟ್ಟು ಎಲ್ಲರೂ ‘ತಕ ತಕ ತಕಿಟ’ ಹೇಳುತ್ತಾ ಗುಂಪಿನ ತಲೆಗೆ ಚಪ್ಪಾಳೆ, ಹತ್ತು ನಿಮಿಷ. ಆಮೇಲೆ ಬಾಸ್ ಒಂದೇ, ಮಿಕ್ಕವರು ಬಾಯಲ್ಲಿ. ನಂತರ ಟ್ರೊಂಬೋನ್, ಕಡೆಗೆ ಮೇಲಿನವರು. ಪೂರ್ತಿ ವೇಗದ ಅರ್ಧದಿಂದ ಶುರುಮಾಡಿ ನಾಲ್ಕು ನಾಲ್ಕರಂತೆ ಏರಿಸಿ. ಕಾಲು ತಟ್ಟುವವರು ಸಮವಾಗಿ ತಟ್ಟಬಾರದು. ಏಳು ಬೆಸಸಂಖ್ಯೆಯಾದ್ದರಿಂದ ಎರಡಕ್ಕೊಮ್ಮೆ ತಟ್ಟುವ ಕಾಲು ಎರಡನೇ ಆವರ್ತದಲ್ಲಿ ಸಮಕ್ಕೆ ಬೀಳದೆ ಅದರ ಮುಂದಿನ ಅಕ್ಷರಕ್ಕೆ ಬೀಳುತ್ತದೆ. ಕಾಲೂ 2+2+3ಕ್ಕೇ ಬೀಳಲಿ.

ಒಂಟಿಯಾಗಿ ಮನೋಧರ್ಮಕ್ಕೆ ಇಳಿಯುವವರಿಗೆ ಒಂದು ಪಾಠ: ನಾಲ್ಕರ ಪದಗುಚ್ಛವನ್ನು ಏಳು ಸಲ ನುಡಿಸಿದರೆ 28 ಅಕ್ಷರ, ಸರಿಯಾಗಿ ನಾಲ್ಕು ಆವರ್ತ. ಮಿಕ್ಕವರು ತಮ್ಮ ಏಳನ್ನು ಬಿಡದೆ ಹಿಡಿದಿದ್ದರೆ ಎಲ್ಲರೂ ಐದನೇ ಆವರ್ತದ ಸಮಕ್ಕೆ ಒಟ್ಟಿಗೆ ಬಂದು ಬೀಳುತ್ತಾರೆ. ಇದು ಮೂರು ಸಲ ಸತತವಾಗಿ ಸರಿ ಬರುವವರೆಗೆ ವೇದಿಕೆ ಹತ್ತಿಸಬೇಡಿ.